ಬೆಲ್ಟು ಬಿಚ್ಚಿಟ್ಟ ಪಂದ್ಯ

ಭಾನುವಾರ, ಮಾರ್ಚ್ ೧೪
ಮಧ್ಯಾಹ್ನ, ಊಟವಾದ ಮೇಲೆ

ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡು ಹುಟ್ಟಿದ ನನ್ನ ಮಗಳಿಗೆ,

ಅಮ್ಮನ ಅಕ್ಕರೆಯ ಅಪ್ಪುಗೆ. ನಾನು ಚೆನ್ನಾಗಿದ್ದೇನೆ. ನಿನ್ನ ಅಪ್ಪನೂ ಚೆನ್ನಾಗಿದ್ದಾರೆ. ಪಕ್ಕದ ಕೋಣೆಯಲ್ಲಿ ಪೇಪರನ್ನು ಮುಖದ ಮೇಲೆ ಹೊದ್ದುಕೊಂಡು, ಲೋಕದ ಆಗುಹೋಗುಗಳನ್ನು ಗೊರಕೆಯಲ್ಲೇ ವಿಮರ್ಶೆ ಮಾಡುತ್ತಿದ್ದಾರೆ.

ಫೋನು ಬಿಟ್ಟು ಇದೇನು ಕಾಗದ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ನಾನು ಶುರು ಮಾಡಿದ ಮಾತನ್ನು ನೀನು ಮುಗಿಸುತ್ತೀಯ, ಅದೂ ತಪ್ಪಾಗಿ. ಕಳೆದ ಸಲವಂತೂ ನಾನಿನ್ನೂ ಮಾತಾಡುತ್ತಿರುವಾಗಲೇ ಇಟ್ಟುಬಿಟ್ಟೆ. ಕಾಗದವನ್ನು ಹಾಗೆ ನಡುವೆ ಇಡಲಾಗುವುದಿಲ್ಲ. ಹರಿದು ಹಾಕಬಹುದು, ಆದರೆ ಕುತೂಹಲದಲ್ಲಿ ನೀನು ನನ್ನನ್ನೇ ಹೋತಿದ್ದೀಯ. ಕೊನೆಯ ಸಾಲಿನವರೆಗೂ ಓದುತ್ತೀಯ ಎಂಬ ಧೈರ್ಯ ನನಗಿದೆ.

ಮೊದಲೇ ಹೇಳಿಬಿಡುತ್ತೇನೆ: ಲೀಗಿನ ಕರಾರಿಗೆ ಸಹಿ ಆಯಿತು. ನೀನು ತಂದ ಸಂಬಂಧ ಮುರಿದು ಬೀಳಲಿಲ್ಲ, ಯಾರ ಮುಂದೆಯೂ ನೀನು ತಲೆ ತಗ್ಗಿಸಬೇಕಾಗಿಲ್ಲ. ಹೇಗಾಯಿತು ಎಂಬುದನ್ನು ಬೇರೆಯವರಿಂದ ಉಪ್ಪುಖಾರ ಸೇರಿಸಿಕೊಂಡು ಕೇಳುವ ಬದಲು ನನ್ನಿಂದಲೇ ಕೇಳು.

ನಮ್ಮ ಹೆಂಗಸರ ವಾಲಿಬಾಲ್ ಲೀಗ್ ಹೇಗೆ ಹುಟ್ಟಿತೆಂದು ನಿನಗೆ ವಿವರಿಸಬೇಕಿಲ್ಲ. ನಾನು ಮತ್ತು ನನ್ನ ಜೊತೆ ಆಡಿದ ಕೆಲವರು ಸ್ಕೂಲಿನ ಹಾಲನ್ನು ಸಂಜೆಗೆ ಬೇಡಿ ಪಡೆದು ಶುರು ಮಾಡಿದ್ದು. ನೀನು ಅದೇ ಹಾಲಿನ ಮೂಲೆಯಲ್ಲಿ, ಚೆಂಡು ಬಂದಾಗಲೆಲ್ಲ ತಲೆ ಬಗ್ಗಿಸಿಕೊಂಡು ಹೋಂವರ್ಕ್ ಮಾಡಿದವಳು. ಈಗ ಎಂಟು ಕ್ಲಬ್ಬುಗಳಾಗಿವೆ, ಒಂದೊಂದಕ್ಕೂ ಒಬ್ಬೊಬ್ಬ ಮಾಲೀಕರಿದ್ದಾರೆ, ಎಲ್ಲದರ ಮೇಲೆ ಅಧ್ಯಕ್ಷೆ ಎಂದು ನಾನು. ಆದರೆ ಟಿವಿಯವರು ಕೈಬಿಟ್ಟ ಮೇಲೆ ಲೀಗು ಒಂಟಿ ಕಾಲಿನ ಮೇಲೆ ನಿಂತಿತ್ತು. ಹುಡುಗಿಯರು ಬೆಳಿಗ್ಗೆ ಔಷಧಿ ಅಂಗಡಿಯಲ್ಲೋ ಬ್ಯಾಂಕಿನಲ್ಲೋ ದುಡಿದು, ಬಸ್ಸಿನಲ್ಲಿ ತೂಕಡಿಸುತ್ತಾ ಬಂದು, ಸಂಜೆ ನೆಟ್ಟಿನ ಮುಂದೆ ಎಗರುತ್ತಿದ್ದರು. ನಿನ್ನ ಬಳಿ ಅತ್ತುಕೊಂಡಾಗ ನೀನು ನಿನ್ನ ಹಳೆಯ ಸಹೋದ್ಯೋಗಿಯನ್ನು ಕಳಿಸಿದೆ. ಆ ಉಪಕಾರವನ್ನು ನಾನು ಮರೆತಿಲ್ಲ.

ಅವಳಿಗೆ ನಾನು ಸೂಜಿ ಎಂದು ಹೆಸರಿಟ್ಟಿದ್ದೇನೆ, ನೀನು ಅವಳಿಗೆ ಹೇಳಬೇಡ. ಸಣ್ಣಗೆ, ನೇರವಾಗಿ, ಚುಚ್ಚುವಂತೆ ಪ್ರಶ್ನೆ ಕೇಳುತ್ತಾಳೆ. ಮೊದಲ ದಿನ ಗಣ್ಯರ ಸೋಫಾ ತೋರಿಸಿದರೆ ಬೇಡವೆಂದು ಗ್ಯಾಲರಿಯ ಮೇಲಿನ ಮೆಟ್ಟಿಲಲ್ಲಿ ಕೂತು ಪೂರ್ತಿ ಪಂದ್ಯ ನೋಡಿದಳು. ಆಮೇಲೆ ಕೆಳಗಿಳಿದು, "ಆಟ ಇಷ್ಟು ಚೆನ್ನಾಗಿದೆ, ಶೌಚಾಲಯ ಯಾಕೆ ಹೀಗಿದೆ?" ಎಂದು ಕೇಳಿದಳು. ನನಗೆ ಆಗಲೇ ಅವಳು ಮೆಚ್ಚುಗೆಯಾದಳು.

ಅವಳು ಈಗಿರುವ ಹೂಡಿಕೆ ಫಂಡಿನ ಕೆಲಸವೇನೆಂದು ನೀನೇ ನನಗೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದ್ದೆ. ಊರಿನವರ ಉಳಿತಾಯ, ಪಿಂಚಣಿಯ ಹಣ ತಂದು, ಬೆಳೆಯುವ ಲಕ್ಷಣವಿರುವ ಕಂಪನಿಗೆ ಹಾಕುತ್ತಾರೆ. ಕೆಲವು ವರ್ಷ ಸಾಕಿ, ಒಳ್ಳೆಯ ಬೆಲೆಗೆ ಇನ್ನೊಬ್ಬರಿಗೆ ಮಾರುತ್ತಾರೆ. ಅದರಲ್ಲಿ ಮುಚ್ಚುಮರೆ ಏನಿಲ್ಲ. ನಮ್ಮ ಲೀಗಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅವರಿಗೆ, ಹುಡುಗಿಯರಿಗೆ ತಿಂಗಳ ಸಂಬಳ, ಒಳ್ಳೆಯ ಬಸ್ಸು, ಕಾಯಂ ಫಿಸಿಯೋ. ಇದಕ್ಕೆ ಬೇಡ ಎನ್ನಲು ನನಗೇನು ತಲೆ ಕೆಟ್ಟಿತ್ತೇ? ಜೊತೆಗೆ ಅವರೇ ಕೊಂಡಿದ್ದ ಇನ್ನೊಂದು ಕಂಪನಿಯ ಬೆಲ್ಟು, ಅದು ಸಹಿಗೆ ಮೊದಲೇ ಪರೀಕ್ಷೆಗೆಂದು ಬಂತು. ಆಡುವಾಗ ಸೊಂಟಕ್ಕೆ ಬೆಲ್ಟು, ಮಲಗುವಾಗ ಕೈಗೆ ಬ್ಯಾಂಡು. ಎಷ್ಟು ಎತ್ತರ ಎಗರಿದಳು, ನೆಲಕ್ಕೆ ಎಷ್ಟು ಜೋರಾಗಿ ಇಳಿದಳು, ಎದೆ ಹೇಗೆ ಬಡಿಯಿತು, ನಿದ್ದೆ ಬಂತೋ ಇಲ್ಲವೋ ಎಲ್ಲವೂ ಅದಕ್ಕೆ ಗೊತ್ತು. ಹಸುವೂ ಅವರದೇ, ಹಗ್ಗವೂ ಅವರದೇ ಎಂದು ನಿನ್ನ ಅಪ್ಪ ಗೊಣಗಿದಾಗ ನಾನೇ ಅವರ ಬಾಯಿ ಮುಚ್ಚಿಸಿದ್ದೆ.

ನಿಜ ಹೇಳಲಾ, ಬೆಲ್ಟು ಬಂದ ಮೊದಲ ವಾರಗಳು ಹಬ್ಬದ ಹಾಗಿದ್ದವು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಪ್ರತಿ ಜಿಗಿತದ ಎತ್ತರ ಮೂಡುತ್ತಿತ್ತು. ಸದಾ ಮುಖ ಗಂಟಿಕ್ಕಿಕೊಂಡಿರುವ ಹುಡುಗಿಯರೂ ಇನ್ನೊಂದು ಸಲ, ಇನ್ನೊಂದು ಸಲ ಎಂದು ಎಗರುತ್ತಿದ್ದರು. ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ನಮ್ಮ ಸೆಟ್ಟರ್ ಎಡಗಾಲಿನ ಮೇಲೆ ಹೆಚ್ಚು ಭಾರ ಬಿಡುತ್ತಾಳೆಂದು ಹಿಡಿದುಕೊಟ್ಟದ್ದು ಆ ಬೆಲ್ಟೇ. ಫಿಸಿಯೋ ಅವಳು ಇಳಿಯುವ ರೀತಿಯನ್ನೇ ತಿದ್ದಿದ. ನನ್ನ ಕಾಲದಲ್ಲಿ ಅಂಥದೊಂದು ಇದ್ದಿದ್ದರೆ ನನ್ನ ಮೊಣಕಾಲು ಈಗ ಹವಾಮಾನ ವರದಿ ಓದುತ್ತಿರಲಿಲ್ಲ. ಆದ್ದರಿಂದ ಅಮ್ಮನಿಗೆ ಹೊಸದೆಂದರೆ ಆಗದು ಎಂದು ಮಾತ್ರ ಹೇಳಬೇಡ.

ಈಗ ಗೋಡೆಯ ವಿಷಯ. ಇಟ್ಟಿಗೆಯದಲ್ಲ, ನಮ್ಮ ಎಂಟು ಕ್ಲಬ್ಬುಗಳಲ್ಲಿ ಒಂದರ ಕ್ಯಾಪ್ಟನ್. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಉದ್ದನೆಯ ಹುಡುಗಿ, ನೀನು ನೋಡಿದ್ದೀಯ. ಅವಳು ನೆಟ್ಟಿನ ಮುಂದೆ ಎರಡು ಕೈ ಎತ್ತಿದರೆ ಎದುರಾಳಿಗೆ ಆಕಾಶವೇ ಕಾಣುವುದಿಲ್ಲ, ಅದಕ್ಕೇ ಎಲ್ಲರೂ ಅವಳನ್ನು ಗೋಡೆ ಎನ್ನುವುದು. ಒಂದು ಬೆಳಿಗ್ಗೆ ಮಾಲೀಕರೆಲ್ಲರ ಫೋನಿಗೂ ಬೆಲ್ಟಿನ ಕಂಪನಿಯಿಂದ ವರದಿ ಬಂತು. ಬೇರೆಲ್ಲರ ಹೆಸರು ಹಸಿರು, ಅವಳದೊಂದೇ ಕೆಂಪು. ಜಿಗಿತ ಕಡಿಮೆಯಾಗಿದೆ, ಮಲಗಿದ್ದಾಗಲೂ ಎದೆಬಡಿತ ಏರಿದೆ, ಮೈ ಬಿಸಿ ಏರಿದೆ, ಒಪ್ಪಂದ ಮುಂದುವರಿಸುವ ಮುನ್ನ ಯೋಚಿಸಿ ಎಂದಿತ್ತು. ಅವಳ ಕ್ಲಬ್ಬಿನ ಮಾಲೀಕರು, ಸಿಮೆಂಟು ವ್ಯಾಪಾರದವರು, ಹಲ್ಲುಜ್ಜುವ ಮೊದಲೇ ನನಗೆ ಫೋನು ಮಾಡಿದರು. "ಮೇಡಂ, ನಮ್ಮ ಗೋಡೆ ಬಿರುಕು ಬಿಟ್ಟಿದೆ. ಫಂಡಿನವರು ಬರೋ ಮುಂಚೆ ಬದಲಾಯಿಸಿಬಿಡೋಣ" ಎಂದರು. ಸಿಮೆಂಟಿನವರ ಬಾಯಲ್ಲಿ ಬಿರುಕಿನ ಮಾತು ಎಂದು ನಾನು ನಕ್ಕುಬಿಟ್ಟೆ. ಆಗ ನನಗೂ ಗೊತ್ತಿರಲಿಲ್ಲ.

ಸಂಜೆ ಅವಳು ಹಾಲಿನ ಪಕ್ಕದ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಮೇಡಂ, ನನಗೆ ಮೊಣಕಾಲು ನೋವಿಲ್ಲ. ಬೆನ್ನು ನೋವೂ ಇಲ್ಲ."

"ಮತ್ತೆ ಹುಷಾರಿಲ್ವೇನೇ?"

"ಹುಷಾರಾಗೇ ಇದ್ದೀನಿ. ಸ್ವಲ್ಪ ಜಾಸ್ತಿನೇ." ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ಇನ್ನೂ ನಮ್ಮ ಅತ್ತೆಗೇ ಹೇಳಿಲ್ಲ ಮೇಡಂ. ಈ ಬೆಲ್ಟಿಗೆ ಗೊತ್ತಾಗಿಬಿಟ್ಟಿದೆ."

ನಾನು ಎದ್ದು ಅಪ್ಪಿಕೊಳ್ಳಲು ಹೋದೆ. ಅವಳು ಅಲ್ಲೇ ತಡೆದಳು. ಹೋದ ಸಲ ಬಸುರಾದಾಗ ಸಂತೋಷ ತಡೆಯಲಾಗದೆ ಎಲ್ಲರಿಗೂ ಹೇಳಿದ್ದಳಂತೆ. ಆಮೇಲೆ ಅದೇ ಎಲ್ಲರಿಗೂ, ಒಬ್ಬೊಬ್ಬರಿಗೂ, ಇಲ್ಲ ಎಂದು ಹೇಳಬೇಕಾಯಿತಂತೆ. "ಈ ಸಲ ನಾನಾಗಿ ಬಾಯಿ ಬಿಡೋವರೆಗೂ ಯಾರಿಗೂ ತಿಳೀಬಾರದು ಅಂತಿದ್ದೆ. ಡಾಕ್ಟರು ಹೇಳಿದ್ದಕ್ಕೇ ಎಗರೋದು ಕಮ್ಮಿ ಮಾಡಿದ್ದು. ಯಾರಿಗೂ ಹೇಳಬೇಡಿ ಮೇಡಂ, ನಿಮಗೆ ಕೈ ಮುಗೀತೀನಿ."

ಈಗ ಅವಳೇ ಎಲ್ಲರಿಗೂ ಹೇಳಿದ್ದಾಳೆ, ನಿನಗೆ ಬರೆಯಲು ಅವಳ ಒಪ್ಪಿಗೆಯೂ ಇದೆ. ಆದರೆ ಆ ದಿನ ನಾನು ಮಾತು ಕೊಟ್ಟೆ. ಅವಳು ಹೋದ ಮೇಲೆ ಕರಾರುಪತ್ರವನ್ನು ಇನ್ನೊಮ್ಮೆ ಓದಿದೆ. ಆಟಗಾರ್ತಿಯರ ಮೈಯಿಂದ ಬರುವ ಪ್ರತಿಯೊಂದು ಅಂಕಿಯೂ ಲೀಗಿನ ಆಸ್ತಿ ಎಂದು ಅಲ್ಲಿ ನೇರವಾಗಿಯೇ ಇತ್ತು. ಮೊದಲೂ ಓದಿದ್ದೆ, ಜಿಗಿತದ ಎತ್ತರವೇ ತಾನೇ ಎಂದುಕೊಂಡು ಮುಂದೆ ಹೋಗಿದ್ದೆ. ಲೀಗು ಅವರದಾಗುತ್ತದೆ, ಕೆಲವು ವರ್ಷದ ಮೇಲೆ ಅವರು ಅದನ್ನು ಇನ್ನೊಬ್ಬರಿಗೆ ಮಾರುತ್ತಾರೆ. ಹುಡುಗಿಯರ ಎದೆಬಡಿತವೂ ಕುರ್ಚಿಮೇಜಿನ ಜೊತೆ ಕೈ ಬದಲಾಯಿಸುತ್ತದೆ. ಇವತ್ತು ಸೂಜಿ, ನಾಳೆ ಯಾವ ದಬ್ಬಳವೋ!

ಆವಾಗಲೇ ನಿನಗೆ ಫೋನು ಮಾಡಿದ್ದು. ಆ ಷರತ್ತು ತೆಗೆಯದೆ ಸಹಿ ಹಾಕುವುದಿಲ್ಲ ಎಂದೆ, ಯಾಕೆಂದು ಹೇಳಲಿಲ್ಲ. ಹೇಳುವಂತಿರಲಿಲ್ಲ. ಮೊದಲು ಸಹಿ ಹಾಕು, ಆಮೇಲೆ ಸರಿಮಾಡಿಕೊಳ್ಳಬಹುದು ಎಂದೆ ನೀನು. ಹೆಂಗಸರ ವಾಲಿಬಾಲಿಗೆ ಇಷ್ಟು ಕೊಡುವವರು ಇನ್ನೊಬ್ಬರು ಸಿಗುವುದಿಲ್ಲ ಎಂದೂ ಹೇಳಿದೆ. ಅದೆಲ್ಲ ನಿಜವೇ. "ನಿನ್ನ ಒಬ್ಬಳ ಹಟಕ್ಕೆ ಎಲ್ಲರ ಅನ್ನ ಕಳೀತೀಯ" ಎಂದೆಯಲ್ಲ, ಆ ಮಾತು ಮಾತ್ರ ಎದೆಗೆ ನಾಟಿತು. ನಾನು ಉತ್ತರ ಹೇಳುತ್ತಿರುವಾಗಲೇ ನೀನು ಫೋನು ಇಟ್ಟೆ. ಖಾಲಿ ಹಾಲಿನಲ್ಲಿ ಹೋಗಿ ಕೂತೆ. ಮಗಳು ಹೇಳಿದ್ದೇ ಸರಿಯಾಗಿದ್ದರೆ, ಒಬ್ಬಳ ಗುಟ್ಟು ಕಾಯಲು ಹೋಗಿ ನೂರು ಜನರ ಸಂಬಳಕ್ಕೆ ಕಲ್ಲು ಹಾಕುತ್ತಿದ್ದರೆ ಎಂದು ನಿಜವಾಗಿಯೂ ಹೆದರಿದೆ. ಹೆದರಿಕೆ ಹೋಗಲಿಲ್ಲ. ಆದರೆ ಎಷ್ಟು ತಿರುಗಿಸಿ ನೋಡಿದರೂ ಆ ಷರತ್ತಿನ ಕೆಳಗೆ ನನ್ನ ಹೆಸರು ಬರೆಯಲು ಕೈ ಬರಲಿಲ್ಲ.

ಮಾಲೀಕರ ಸಭೆಯಲ್ಲಿ ಎಲ್ಲರೂ ನನ್ನ ಮೇಲೆ ಮುಗಿಬಿದ್ದರು. ಶನಿವಾರದ ಪ್ರದರ್ಶನ ಪಂದ್ಯಕ್ಕೆ ಫಂಡಿನ ದೊಡ್ಡವರೆಲ್ಲ ಬರುತ್ತಾರೆ, ಅಷ್ಟರೊಳಗೆ ನಾನು ಒಪ್ಪಬೇಕು ಎಂದರು. ಲೀಗಿನ ನಿಯಮದಂತೆ ಅಧ್ಯಕ್ಷೆಯ ಸಹಿ ಇಲ್ಲದೆ ಪಾಲು ಮಾರುವ ಹಾಗಿಲ್ಲ; ಅದೊಂದೇ ನನ್ನ ಕೈಲಿದ್ದ ಅಸ್ತ್ರ. ಸಿಮೆಂಟಿನವರು ಮೇಜು ಗುದ್ದಿ, ಬಾಯಿಗೆ ಬಂದ ತುತ್ತು ತಟ್ಟಿ ಬೀಳಿಸುತ್ತೀರಿ ಎಂದರು. ತುತ್ತಿನ ಜೊತೆ ಏನು ನುಂಗುತ್ತಿದ್ದೇವೆ ಎಂದು ನೋಡೋಣ ಎಂದೆ. ಕಾರಣ ಕೇಳಿದಾಗ ಮಾತ್ರ ಬಾಯಿ ಕಟ್ಟಿತ್ತು. ಕಾರಣ ಹೇಳದ ಹೆಂಗಸನ್ನು ಹಟಮಾರಿ ಎನ್ನುವುದು ಸುಲಭ.

ಇದೆಲ್ಲ ಗೋಡೆಯ ಕಿವಿಗೆ ಬಿತ್ತು. ಪಂದ್ಯದ ದಿನ ಬಟ್ಟೆ ಬದಲಾಯಿಸುವ ಕೋಣೆಗೆ ಹೋಗಿ, ಎರಡೂ ತಂಡದ ಹುಡುಗಿಯರನ್ನು ಸೇರಿಸಿ, ತಾನೇ ಹೇಳಿಬಿಟ್ಟಳು. ನಾನು ಅಲ್ಲಿರಲಿಲ್ಲ. ಒಳಗಿನಿಂದ ಕಿರುಚಾಟ ಕೇಳಿ ಯಾರೋ ಬಿದ್ದರು ಎಂದು ಓಡಿ ಹೋದರೆ, ಎಲ್ಲರೂ ಅವಳನ್ನು ಮುತ್ತಿಕೊಂಡು ಅಳುತ್ತಾ ನಗುತ್ತಾ ಇದ್ದಾರೆ. ನಾನು ಬಾಗಿಲಲ್ಲಿ ನಿಂತದ್ದನ್ನು ಕಂಡು ಗೋಡೆ, "ನಾನೇ ಹೇಳಿದೆ ಮೇಡಂ. ನಾನಾಗೇ ಹೇಳಿದೆ" ಎಂದಳು. ಬೆಲ್ಟಿನ ಮಾತು ಎತ್ತಿದ್ದು ಸೆಟ್ಟರ್, ಯಾರ ಕಾಲನ್ನು ಆ ಬೆಲ್ಟು ಉಳಿಸಿತ್ತೋ ಅವಳೇ. "ಕಾಲು ನೋಡಲಿ, ಬೇಡ ಅನ್ನಲ್ಲ. ಹೊಟ್ಟೆ ಯಾಕೆ ನೋಡಬೇಕು?" ಎಂದಳು.

ಆಟಕ್ಕಿಳಿಯುವ ಮುನ್ನ ಹುಡುಗಿಯರೆಲ್ಲ ಸಾಲಾಗಿ ಬಂದು, ಬೆಲ್ಟು ಬ್ಯಾಂಡು ಬಿಚ್ಚಿ ಸ್ಕೋರರ್ ಮೇಜಿನ ಮೇಲೆ ಇಟ್ಟರು. ದೊಡ್ಡ ಪರದೆಯಲ್ಲಿ ಅಂಕಿ ಇರಬೇಕಾದಲ್ಲೆಲ್ಲ ಬರೀ ಗೆರೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು ಎಂದು ಬರೆಯಲು ಆಸೆ, ಆದರೆ ಯಾರಿಗೂ ಏನೂ ಅರ್ಥವಾಗಲಿಲ್ಲ ಕಣೇ. ಪರದೆ ಕೆಟ್ಟಿದೆ ಎಂದುಕೊಂಡರು. ಒಬ್ಬರು ನನ್ನನ್ನೇ ಕರೆದು, "ಪ್ಲಗ್ ಸರಿಯಾಗಿದೆಯಾ ನೋಡಿ" ಎಂದರು. ಗೋಡೆ ಬೆಂಚಿನ ಮೇಲೆ ಕೂತು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಹುಡುಗಿಯರು ಮೈಮೇಲೆ ಬಂದವರ ಹಾಗೆ ಆಡಿದರು. ಐದನೇ ಸೆಟ್ಟಿನ ಹೊತ್ತಿಗೆ ಪರದೆಯ ಕಡೆ ಯಾರೂ ಕತ್ತೆತ್ತಿಯೂ ನೋಡುತ್ತಿರಲಿಲ್ಲ.

ನೋಡಿದ್ದು ಸೂಜಿ ಒಬ್ಬಳೇ. ಪಂದ್ಯ ಮುಗಿದ ಕೂಡಲೇ ಕೆಳಗಿಳಿದು ಬಂದಳು. ಮುಖದಲ್ಲಿ ನಗುವಿರಲಿಲ್ಲ. ನೆಟ್ಟು, ಚೆಂಡು ಪೇರಿಸಿಡುವ ಕೋಣೆಗೆ ನನ್ನನ್ನು ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ನಮ್ಮ ದೊಡ್ಡವರ ಮುಂದೆ ನನ್ನ ಮಾನ ಕಳೆದಿರಿ. ಒಂದು ಮಾತು ಮೊದಲೇ ಹೇಳಬಹುದಿತ್ತಲ್ಲ ಮೇಡಂ?"

"ಹೇಳೋ ಗುಟ್ಟು ನನ್ನದಾಗಿರಲಿಲ್ಲ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ, ಗೋಡೆಯೂ ಹೇಳಲು ಒಪ್ಪಿದ್ದಳು.

ಅವಳು ಚೆಂಡಿನ ಬುಟ್ಟಿಯ ಅಂಚಿನ ಮೇಲೆ ಕೂತಳು. "ನನಗೆ ಬೇಜಾರಾಗುತ್ತೆ, ನಿಜ. ಆದ್ರೆ ನಾನು ಧರ್ಮ ಮಾಡೋಕೆ ಬಂದಿಲ್ಲ, ದುಡ್ಡು ಬೆಳೆಸೋಕೆ ಬಂದಿದ್ದೀನಿ. ಆ ಅಂಕಿಗಳನ್ನೂ ಸೇರಿಸಿಯೇ ನಾವು ಬೆಲೆ ಕಟ್ಟಿದ್ದು" ಎಂದಳು.

"ನನಗೂ ಧರ್ಮ ಬೇಡಮ್ಮ. ವ್ಯಾಪಾರದ ಮಾತೇ ಆಡೋಣ. ಸುಳ್ಳು ಅಂಕಿಗೆ ಎಷ್ಟು ಕೊಡ್ತೀರ?"

ಅವಳು ತಲೆಯೆತ್ತಿದಳು. ಆಗ ನಮ್ಮ ಒಬ್ಬ ಹುಡುಗಿಯ ಕಥೆ ಹೇಳಿದೆ. ಗೆಳತಿಯ ಹುಟ್ಟುಹಬ್ಬಕ್ಕೆ ಹೋಗುವ ರಾತ್ರಿ ತನ್ನ ಬ್ಯಾಂಡನ್ನು ಅಜ್ಜಿಯ ಕೈಗೆ ಕಟ್ಟಿ ಹೋಗಿದ್ದಳು. ಬೆಳಿಗ್ಗೆ ಬಂದ ವರದಿಯಲ್ಲಿ, ಇಡೀ ತಂಡದಲ್ಲೇ ಅತ್ಯಂತ ನೆಮ್ಮದಿಯಾಗಿ ವಿಶ್ರಾಂತಿ ಪಡೆದ ಆಟಗಾರ್ತಿ ಎಂದು ಹೊಗಳಿಕೆ! ಇನ್ನು ತನ್ನ ಅಂಕಿ ತನ್ನನ್ನೇ ಕಚ್ಚುತ್ತದೆ ಎಂದು ಗೊತ್ತಾದರೆ ನಾಳೆ ಎಂಟು ಕ್ಲಬ್ಬಿನ ಅಜ್ಜಿಯರೂ ಬ್ಯಾಂಡು ಕಟ್ಟಿಕೊಂಡು ಮಲಗುತ್ತಾರೆ, ನೀವು ಕೋಟ್ಯಂತರ ಸುರಿದು ಅಜ್ಜಿಯರ ಲೀಗು ಕೊಂಡ ಹಾಗಾಗುತ್ತದೆ ಎಂದೆ. ತನ್ನ ಅಂಕಿ ತನ್ನದೇ, ತನ್ನ ಒಪ್ಪಿಗೆ ಇಲ್ಲದೆ ಫಿಸಿಯೋ ಬಿಟ್ಟು ಯಾರೂ ನೋಡುವುದಿಲ್ಲ ಎಂಬ ಭರವಸೆ ಇದ್ದರೆ ಹುಡುಗಿ ನಿಜ ಕೊಡುತ್ತಾಳೆ. ಆ ನಿಜದಿಂದ ಕಾಲು ಉಳಿಯುತ್ತದೆ, ಕಾಲು ಉಳಿದರೆ ಆಟ ಉಳಿಯುತ್ತದೆ, ನೀವು ಮಾರುವುದೂ ಆಟವನ್ನೇ ತಾನೇ?

ಸೂಜಿ ನಕ್ಕಳು. ಬಿದ್ದು ಬಿದ್ದು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ಅಜ್ಜಿಯರ ಲೀಗು ಅಂತ ಮೇಲಿನವರ ಮುಂದೆ ಹೇಳಲಾ?" ಎಂದು ಕೇಳಿದಳು. ಧಾರಾಳವಾಗಿ ಹೇಳು ಎಂದೆ.

ಅವರು ತಕ್ಷಣ ಒಪ್ಪಿದರು ಎಂದುಕೊಳ್ಳಬೇಡ. ಎರಡು ವಾರ ಜಗ್ಗಾಟ ನಡೆಯಿತು. ವಕೀಲರು ಬಂದರು, ಹೋದರು. ಬೆಲೆ ಕೊಂಚ ಇಳಿಸಿದರು, ಮಾಲೀಕರು ನನ್ನನ್ನು ಕಣ್ಣಲ್ಲೇ ಸುಟ್ಟರು. ಕೊನೆಗೆ ಗಟ್ಟಿಯಾದದ್ದು ಇಷ್ಟು: ಪರದೆಯ ಮೇಲೆ ಜಿಗಿತದ ಎತ್ತರ ಮತ್ತು ಚೆಂಡಿನ ವೇಗ ಮಾತ್ರ. ಮೈಯೊಳಗಿನದೆಲ್ಲ ಆಟಗಾರ್ತಿಯದು, ಲೀಗು ಬಿಟ್ಟು ಹೋಗುವಾಗ ಅವಳು ಅದನ್ನೆಲ್ಲ ಅಳಿಸಿ ಹೋಗಬಹುದು. ಮುಂದೆ ಯಾರು ಕೊಂಡರೂ ಇದಕ್ಕೆ ಬದ್ಧರು. ಬಸುರಿಯಾದವಳ ಜಾಗ ಒಂದು ಸೀಸನ್ ಅವಳಿಗೇ ಕಾದಿರುತ್ತದೆ, ಸಂಬಳ ಸಹಿತ. ಸೂಜಿಯ ಕಡೆಯವರೂ ಬರಿಗೈಲಿ ಹೋಗಲಿಲ್ಲ, ಅವರಿಗೂ ಒಂದು ಕೊಟ್ಟೆವು. ಅದಿರಲಿ. ಮೊನ್ನೆ ಗುರುವಾರ ಸಹಿಯಾಯಿತು. ಸಿಮೆಂಟಿನವರು ಎಲ್ಲರಿಗಿಂತ ಮೊದಲು ಸಹಿ ಹಾಕಿ, ಈ ಷರತ್ತೆಲ್ಲ ತಮ್ಮದೇ ಯೋಚನೆ ಎಂಬಂತೆ ಪತ್ರಿಕೆಯವರ ಮುಂದೆ ಎದೆಯುಬ್ಬಿಸಿ ಮಾತಾಡಿದರು. ಆಡಲಿ ಬಿಡು, ನನಗೆ ಕೆಲಸ ಆದರೆ ಸಾಕು.

ಗೋಡೆ ಆರೋಗ್ಯವಾಗಿದ್ದಾಳೆ. ಡಾಕ್ಟರಿಗೂ ಸಮಾಧಾನವಿದೆ. ಅತ್ತೆಗೆ ಹೇಳಲು ಹೋದರೆ, "ನನಗೆ ಯಾವಾಗಲೋ ಗೊತ್ತು, ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ" ಎಂದರಂತೆ. ಆ ಬೆಲ್ಟಿಗಿಂತ ಆ ಅತ್ತೆ ದೊಡ್ಡವರು ಕಣೇ. ತಿಳಿದೂ ಸುಮ್ಮನಿದ್ದರು.

ನಿನ್ನ ಮಾತಿಗೆ ಈಗ ಉತ್ತರ ಹೇಳುತ್ತೇನೆ. ಹಟ ನನ್ನದು ಹೌದು, ಅದು ನಿನಗೂ ಬಂದಿದೆ, ಅದಕ್ಕೇ ಈ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿದರೆ ನಿನ್ನ ಅಪ್ಪ ಮಹಡಿ ಹತ್ತುತ್ತಿದ್ದುದು. ಆದರೆ ನಿನ್ನ ಲೆಕ್ಕಾಚಾರ ಇಲ್ಲದಿದ್ದರೆ ನಮ್ಮ ಲೀಗು ಈ ವರ್ಷ ಮುಚ್ಚಿಹೋಗುತ್ತಿತ್ತು, ನನ್ನ ಹಟ ಇಲ್ಲದಿದ್ದರೆ ಬಾಗಿಲು ತೆರೆದಿದ್ದೂ ಮಾನ ಹೋಗುತ್ತಿತ್ತು. ಎರಡೂ ಬೇಕಾಯಿತು. ಹೊಸ ಸೀಸನ್ನಿನ ಮೊದಲ ಪಂದ್ಯಕ್ಕೆ ನೀನು ಬರಲೇಬೇಕು. ಕೆಲಸವಿದೆ ಎನ್ನಬೇಡ, ನಿನ್ನ ಕೆಲಸ ಏನೆಂದು ಈಗ ನನಗೆ ಚೆನ್ನಾಗಿ ಗೊತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿಟ್ಟು ಇಳಿದಿದ್ದರೆ ಫೋನು ಮಾಡು, ಇಳಿಯದಿದ್ದರೂ ಮಾಡು.

ಎಂದೆಂದಿಗೂ ನಿನ್ನ ಕಡೆಯೇ ಇರುವ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬದಿಗಿಟ್ಟಿದ್ದೆ. ಷರತ್ತು ಬದಲಾಯಿಸಿಕೊಟ್ಟು ಸುಮ್ಮನೆ ಮರಳಿದರೆ ತನ್ನನ್ನು ಮೇಲಿನವರು ಉಳಿಸುವುದಿಲ್ಲ, ಏನಾದರೂ ಕೊಡಿ ಎಂದಳು ಸೂಜಿ. ಒಬ್ಬಳು ಹೆಂಗಸಿನ ಸಹಿಗೆ ಇಡೀ ವ್ಯವಹಾರ ನಿಂತುಬಿಡುತ್ತದೆ ಎಂಬುದೇ ಅವರ ದೊಡ್ಡ ಭಯವಂತೆ. ಸುತ್ತ ನೋಡಿದೆ, ನನ್ನ ಬಳಿ ಕೊಡಲು ಇದ್ದದ್ದು ಅದೊಂದೇ. ಅಧ್ಯಕ್ಷೆಯ ಸ್ಥಾನ, ಅದರ ಸಹಿಯ ಹಕ್ಕು ಎರಡನ್ನೂ ಬಿಟ್ಟುಕೊಟ್ಟೆ. ಸ್ಥಾನ ಬಿಡಿ ಎಂದು ಅವಳು ಕೇಳುವ ಮೊದಲು ನಾನೇ ಕೊಟ್ಟದ್ದು, ಆದ್ದರಿಂದ ಅವಳಿಗೆ ಫೋನು ಮಾಡಿ ಜಗಳ ತೆಗೆಯಬೇಡ. ಆಡಳಿತ ಮಂಡಳಿಯಲ್ಲಿ ಆಟಗಾರ್ತಿಯರ ಪರವಾಗಿ ಇನ್ನು ಗೋಡೆ ಕೂರುತ್ತಾಳೆ, ಅದನ್ನು ಬರೆಸಿಕೊಂಡೇ ಎದ್ದೆ. ನಿನ್ನೆ ಬೆಳಿಗ್ಗೆ ಚಿಕ್ಕ ಹುಡುಗಿಯರಿಗೆ ಆಟ ಹೇಳಿಕೊಡಲು ಅಂಗಳಕ್ಕಿಳಿದೆ. ನಾನು ಯಾರೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಮೊಣಕೈಗೆ ಪ್ಲಾಸ್ಟರ್ ಹಚ್ಚಿಕೊಂಡಿದ್ದ ಒಬ್ಬಳು, "ಆಂಟಿ, ಪಕ್ಕಕ್ಕೆ ಬನ್ನಿ, ಬಾಲ್ ಬರುತ್ತೆ!" ಎಂದು ಕೂಗಿದಳು.

ಬರಲಿ ಬಿಡು, ಎಂದೆ.